ಹುಣಸೆ ಮರದ ಕಡೆಗೆ ಹೊರಟ ಅಡ್ಡ ಬೋರು

ವಿರೂಪಾಕ್ಷಿಪುರದ ಕಡೆಯ ಆ ಬಾವಿಗೆ ನೀರು ಬಂದ ದಿನವೇ ಜಗಳವೂ ಬಂತು. ನೀರು ಬೆಳಿಗ್ಗೆ ಬಂತು, ಜಗಳ ಊಟದ ಹೊತ್ತಿಗೆ ಬಂತು.

ಅಡ್ಡ ಬೋರು ಅಂದರೆ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ತೆರೆದ ಬಾವಿ ಬತ್ತಿದಾಗ ಅದರ ತಳಕ್ಕೆ ಒಂದು ಸಣ್ಣ ಮಿಷನ್ನು ಇಳಿಸಿ, ಗೋಡೆಯ ಬಂಡೆಗೆ ತೂತು ಕೊರೆಯುತ್ತೇವೆ. ಕೆಳಕ್ಕಲ್ಲ, ಅಡ್ಡಕ್ಕೆ. ಐದಡಿಯ ರಾಡುಗಳನ್ನು ಒಂದರ ಹಿಂದೆ ಒಂದು ತಿರುಪಿ ಒಳಕ್ಕೆ ನೂಕುತ್ತಾ ಹೋದರೆ ಎಲ್ಲೋ ಬಂಡೆಯ ಬಿರುಕು ಸಿಕ್ಕಿ, ಅದರ ನೀರು ಬಾವಿಗೆ ಇಳಿಯುತ್ತದೆ. ಸಿಕ್ಕರೆ ಹಾರ, ಸಿಗದಿದ್ದರೆ ಬೈಗುಳ. ಆ ಮಿಷನ್ನು ನನ್ನದು. ಅದನ್ನು ಹಿಡಿದು ನಡೆಸುವವನು ನನ್ನ ಜೊತೆ ಬಹಳ ಕಾಲದಿಂದ ಇರುವ ಆಳು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಮೊಮ್ಮಕ್ಕಳನ್ನು ಕಂಡವಳು. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ನಡೆದದ್ದನ್ನು ತಿದ್ದಲು ಯಾರಿಗೂ ಬಿಡುವುದಿಲ್ಲ.

ಆ ಜಮೀನು ಒಬ್ಬ ಹೆಂಗಸಿನದು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದಳು. ಪಾಲಾಗಿ ಪಾಲಾಗಿ ಉಳಿದ ಜಮೀನು, ಪಂಚೆ ಹಾಸಿದ ಹಾಗೆ ಉದ್ದಕ್ಕೆ ಇತ್ತು, ಅಗಲ ಇಲ್ಲ. ಬಾವಿ ಪಡುವಲ ತುದಿಯಲ್ಲಿ, ಮೂಡಲ ತುದಿಯ ಬದುವಿನ ಮೇಲೆ ಒಂದು ಹುಣಸೆ ಮರ. ಬಾವಿಯ ಹತ್ತಿರ ಮರದ ಕಡೆ ಮುಖ ಮಾಡಿ ನಿಂತರೆ ಎಡಕ್ಕೆ ಒಬ್ಬನ ಬಾಳೆತೋಟ, ಬಲಕ್ಕೆ ಊರ ಯಜಮಾನರ ತೆಂಗಿನ ತೋಟ. ಬಾವಿ ಬತ್ತಿದ ಮೇಲೆ ಆ ಹೆಂಗಸು ಎಡಗಡೆಯವನ ಬೋರ್‌ವೆಲ್ಲಿನಿಂದ ನೀರು ಬಿಡಿಸಿಕೊಳ್ಳುತ್ತಿದ್ದಳು. ಸುಮ್ಮನೆ ಅಲ್ಲ. ಅವನ ಬಾಳೆಗೆ ಗೊಬ್ಬರ ಹೊತ್ತು ಹಾಕಬೇಕು, ಅವನ ಮನೆಯಲ್ಲಿ ಮದುವೆ ಮುಂಜಿ ಆದರೆ ಪಾತ್ರೆ ತೊಳೆಯಬೇಕು. ಅಷ್ಟಾದರೂ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹೊಟ್ಟೆ ಬಿರಿಯ ಸೊಪ್ಪು ತಿನ್ನುವ ಹೊತ್ತಿಗೇ ಸರಿಯಾಗಿ ಅವನ ಮೋಟ್ರು ಕೆಡುತ್ತಿತ್ತು. ಅದಕ್ಕೇ ಅವಳು ನನ್ನನ್ನು ಕರೆಸಿದ್ದು. "ಅಜ್ಜಿ, ನೀರು ಒಸಿ ಬಂದ್ರೂ ಸಾಕು. ಯಾರ್ನೂ ಕೇಳ್ದಂಗೆ ಆಗ್ಬೇಕು," ಅಂದಳು. ನನಗೆ ಆ ಮಾತು ಹಿಡಿಸಿತು.

ಕೆಲಸ ಶುರು ಮಾಡುವ ಕ್ರಮ ನಮ್ಮದು ಹೀಗೆ. ಬಾವಿಯ ಬಾಯಿಯ ಮೇಲೆ, ನಾವು ಹೋಗಬೇಕಾದ ಕಡೆಗೆ ಗುರಿ ಇಟ್ಟು ಎರಡು ಗೂಟ ಹೊಡೆದು ಒಂದು ದಾರ ಬಿಗಿಯುತ್ತೇವೆ. ಇಲ್ಲಿ ಗುರಿ ಆ ಹುಣಸೆ ಮರ. ಆ ದಾರಕ್ಕೆ ಎರಡು ತೂಗುಗುಂಡು ಕಟ್ಟಿ ಬಾವಿಯ ತಳಕ್ಕೆ ಬಿಡುತ್ತೇವೆ. ಗುಂಡುಗಳ ಅಲುಗಾಟ ನಿಲ್ಲಬೇಕು, ಅದಕ್ಕೆ ಎರಡನ್ನೂ ನೀರಿನ ಬಕೆಟ್ಟಿನಲ್ಲಿ ಮುಳುಗಿಸುತ್ತೇವೆ. ನಿಂತ ಮೇಲೆ ಎರಡು ದಾರವೂ ಒಂದೇ ಕಣ್ಣಿಗೆ ಒಂದಾಗಿ ಕಾಣುವ ಹಾಗೆ ಕೂತು, ಆ ಗೆರೆಯ ಮೇಲೆ ಮಿಷನ್ನು ಕೂರಿಸಿ, ತಳದ ಬಂಡೆಗೆ ನಾಲ್ಕು ಬೋಲ್ಟು ಇಳಿಸುತ್ತೇವೆ. ಮೇಲಿನ ದಿಕ್ಕು ಕೆಳಕ್ಕೆ ಇಳಿಯುವುದು ಹಾಗೆ. ಕೆಲಸ ಪೂರ್ತಿ ಮುಗಿಯುವವರೆಗೆ ಮೇಲಿನ ಗೂಟ ಕೀಳುವುದಿಲ್ಲ.

ಬಂಡೆ ಬಹಳ ಗಟ್ಟಿ ಇತ್ತು. ಕನಕಪುರದ ಕಡೆ ಕ್ವಾರಿಯಲ್ಲಿ ಸಿಗುತ್ತದಲ್ಲ, ಆ ಜಾತಿ. ರಾಡಿನ ತುದಿಯ ಕೊರೆಯುವ ಹಲ್ಲು ಎರಡು ಸಲ ಬದಲಾಯಿಸಿದೆವು. ಇಪ್ಪತ್ನಾಲ್ಕನೇ ರಾಡು ಅರ್ಧ ಹೋಗುವಾಗ ರಾಡಿನ ಸುತ್ತ ಬರುತ್ತಿದ್ದ ಕೆಸರು ನೀರು ತಿಳಿಯಾಯಿತು, ಆಮೇಲೆ ತೋಳು ಗಾತ್ರಕ್ಕೆ ಧುಮುಕಿತು. ಮಿಷನ್ನಿನವನು ಕೆಳಗಿನಿಂದ ಕೂಗಿದ ಕೂಗಿಗೆ ಹಿಪ್ಪುನೇರಳೆ ತೋಟದಾಕೆ ಸೊಪ್ಪಿನ ಕುಕ್ಕೆ ಬಿಸಾಡಿ ಓಡಿ ಬಂದಳು. ಅವಳು ಅಳಲಿಲ್ಲ. ಬಾವಿಯೊಳಕ್ಕೆ ನೋಡಿ, "ಇದು ನಿಲ್ತದಾ ಅಜ್ಜಿ?" ಅಂದಳು. "ನಾನು ಭೂಮಿತಾಯಿ ಅಲ್ಲ, ಗೊತ್ತಿಲ್ಲ," ಅಂದೆ.

ಊಟದ ಹೊತ್ತಿಗೆ ಬಂದ ಎಡಗಡೆಯ ತೋಟದವನು. ಕೈಯಲ್ಲಿ ಒಂದು ಚೊಂಬು, ಚೊಂಬಿನಲ್ಲಿ ಕೆಂಪು ನೀರು.

"ನೋಡಿ, ನನ್ ಬೋರಲ್ಲಿ ಬತ್ತಿರೋ ನೀರು. ನೆನ್ನೆ ತಂಕ ಕನ್ನಡಿಯಂಗಿತ್ತು. ನಿಮ್ ರಾಡು ನನ್ ಕೇಸಿಂಗ್ ಪೈಪ್ಗೆ ಒಡ್ದೈತೆ. ನನ್ ನೀರೇ ಈ ಬಾವಿಗೆ ಬತ್ತಿರೋದು!"

"ನಮ್ಮ ರಾಡು ಹುಣಸೆ ಮರದ ಕಡೆ ಓಗೈತೆ. ನಿನ್ ಬೋರು ಇರೋದು ಅತ್ಲಾಗೆ," ಅಂದೆ.

"ಬಂಡೆ ಒಳಗೆ ಯಾವ ಕಡೆ ಓಯ್ತು ಅಂತ ನೀನು ಇಣುಕಿ ನೋಡಿದ್ಯಾ? ಗಂಡ ಇಲ್ದೋರು ಇಬ್ರು ಸೇರ್ಕೊಂಡು ಬಾವಿ ಕಲಕ್ತಾವ್ರೆ, ನೀರು ಕೆಡದೆ ಇನ್ನೇನಾದಾತು?"

"ನಾನು ಇಳಿದಿರೋದು ಈ ಬಾವಿಗೆ ಕಣ್ಲಾ. ನಿನ್ ಬೋರಿಗೆ ಇಳಿಯೋಕೆ ನನಗೆ ಜಾಗ ಎಲ್ಲೈತೆ? ಅದ್ಯಾಕೆ ಕೆಟ್ಟೋಯ್ತು ಅಂತ ಅದನ್ನೇ ಕೇಳು."

ನಕ್ಕವರು ನಕ್ಕರು. ಅವನು ಮಾತ್ರ ನೇರವಾಗಿ ಯಜಮಾನರನ್ನು ಕರೆದುಕೊಂಡು ಬಂದ. ಯಜಮಾನರು ಕೆಟ್ಟವರಲ್ಲ. ಆದರೆ ತೀರ್ಪು ಹೇಳುವುದು ಅವರಿಗೆ ಕಾಫಿ ಕುಡಿದಷ್ಟೇ ಅಭ್ಯಾಸ. ಎರಡೂ ಕಡೆ ಕೇಳಿ, "ಇನ್ನೊಬ್ಬರ ನೆಲದ ಅಡಿಗೆ ಓಗಿದ್ರೆ ಬೋರು ಮುಚ್ಚಬೇಕು. ಅದು ನ್ಯಾಯ. ಮುಚ್ಬುಟ್ಟು ರಾಜಿ ಆಗಿ," ಅಂದರು.

"ಓಗಿದ್ರೆ ಅಂದ್ರಲ್ಲ ಯಜಮಾನ್ರೇ. ಓಗಿದ್ಯಾ ಅಂತ ಮೊದಲು ಅಳೀರಿ. ಒಂದು ಗೇಣು ಎಲ್ಲೆ ದಾಟಿದ್ರೂ ನಾನೇ ಇಳಿದು ನನ್ನ ಕೈಯಾರೆ ಮುಚ್ತೀನಿ. ದಾಟದೆ ಇದ್ರೆ ಒಂದು ಹಿಡಿ ಸಿಮೆಂಟೂ ಒಳಗೆ ಓಗೋಕೆ ಬುಡಲ್ಲ."

ತೋಟದಾಕೆ ನನ್ನ ಸೆರಗು ಎಳೆದಳು. ನಾನು ಬಿಡಿಸಿಕೊಂಡೆ. ಮಾತು ಆಡಿ ಆಗಿತ್ತು.

ಬೋರಿನೊಳಗೆ ಕ್ಯಾಮೆರಾ ಬಿಡುವ ಒಬ್ಬ ಹುಡುಗಾಟವಿಲ್ಲದ ಮನುಷ್ಯ ರಾಮನಗರದಲ್ಲಿ ಇದ್ದ. ಮರುದಿನ ಅವನನ್ನು ಕರೆಸಿದೆವು. ಅವನ ಸಾಮಾನು ನೋಡಿದೆ. ಬೆರಳು ಗಾತ್ರದ ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ತುದಿಗೆ ದೀಪ, ಕ್ಯಾಮೆರಾ, ಅದರ ಹಿಂದೆ ಒಂದು ಡಬ್ಬಿ. ಅದೇನು ಹೇಳುತ್ತದೆ ಅಂತ ಕೇಳಿದೆ. ಅವನು ತಾಳ್ಮೆಯಿಂದ ಹೇಳಿದ.

"ಅಜ್ಜಿ, ಈ ಡಬ್ಬಿಗೆ ಮೂಡಲು ಪಡುವಲು ಗೊತ್ತಿಲ್ಲ. ಬೋರಿನ ಬಾಯಿಂದ ಹೊರಟ ಮೇಲೆ ಎಡಕ್ಕೆ ಎಷ್ಟು ತಿರುಗಿದೆ, ಬಲಕ್ಕೆ ಎಷ್ಟು ತಿರುಗಿದೆ, ಕೆಳಕ್ಕೆ ಎಷ್ಟು ಬಾಗಿದೆ, ಅಷ್ಟೇ ಹೇಳುತ್ತೆ. ಬಾಯಲ್ಲಿ ದಿಕ್ಕು ಎಷ್ಟು ಅಂತ ಕಂಪಾಸಿಟ್ಟು ನಾನು ಕೊಡಬೇಕು. ಆಮೇಲೆ ಐದೈದು ಅಡಿಗೆ ನಿಲ್ಲಿಸಿ ಓದ್ತಾ ಹೋಗ್ತೀನಿ."

"ಅದರಿಂದ ತುದಿ ಎಲ್ಲೈತೆ ಅಂತ ಎಂಗೆ ಗೊತ್ತಾದಾತು?"

"ಕತ್ತಲಲ್ಲಿ ನಡೆದ ಹಾಗೆ. ಐದು ಅಡಿ ನಡೆದ್ರಿ, ಮುಖ ಈ ಕಡೆ ಇತ್ತು. ಇನ್ನೈದು ಅಡಿ ನಡೆದ್ರಿ, ಮುಖ ಒಂಚೂರು ಬಲಕ್ಕೆ ತಿರುಗಿತ್ತು. ಒಂದೊಂದು ಐದಡಿಗೂ ಶುರುವಿನ ಮುಖ, ಕೊನೆಯ ಮುಖ, ಎರಡರ ಮಧ್ಯದ್ದು ಹಿಡಿಯೋದು. ಆ ಮುಖದಲ್ಲಿ ಮುಂದಕ್ಕೆ ಎಷ್ಟಾಯ್ತು, ಪಕ್ಕಕ್ಕೆ ಎಷ್ಟಾಯ್ತು ಅಂತ ಲೆಕ್ಕ. ಎಲ್ಲಾ ಕೂಡಿದ್ರೆ ನೀವು ನಿಂತಿರೋ ಜಾಗ."

ಇದು ನನಗೆ ಅರ್ಥವಾಯಿತು. ತಿರುವಿನಲ್ಲಿ ಎತ್ತಿನ ಗಾಡಿ ಹೋಗುವುದೂ ಹಾಗೆಯೇ, ಮೂಗಿನ ದಿಕ್ಕಿಗೆ ಅಲ್ಲ, ಹೊರಟ ಮುಖ ಮುಟ್ಟಿದ ಮುಖ ಎರಡರ ನಡುವೆ. ಆದರೆ ಮುಂದಕ್ಕೆ ಎಷ್ಟು ಪಕ್ಕಕ್ಕೆ ಎಷ್ಟು ಅನ್ನುವ ಗುಣಾಕಾರ ಅವನ ಮೊಬೈಲಿನದು. ಅದು ನನಗೆ ಬರುವುದಿಲ್ಲ, ಬರುತ್ತದೆ ಅಂತ ಹೇಳಿಕೊಳ್ಳುವ ಹಠವೂ ಇಲ್ಲ.

ರಾಡುಗಳನ್ನೆಲ್ಲ ಹೊರಗೆ ತೆಗೆಸಿದ. ಕಬ್ಬಿಣ ಹತ್ತಿರ ಇದ್ದರೆ ಕಂಪಾಸು ಹಾದಿ ತಪ್ಪುತ್ತದಂತೆ. ಮಿಷನ್ನೂ ಬಿಚ್ಚಿಸಿ ಮೇಲಕ್ಕೆ ಎತ್ತಿಸಿದ. ತಳದಲ್ಲಿ ಬೋಲ್ಟಿನ ತೂತು ನಾಲ್ಕು, ಮಿಷನ್ನಿನ ಅಡಿಗೆ ಹಾಸುತ್ತಿದ್ದ ದಪ್ಪ ಹಲಗೆ ಒಂದು, ಇಷ್ಟೇ ಉಳಿಯಿತು. ಬಾವಿಯ ಮೇಲಿನ ಮೋಟ್ರು ಬಂದ ನೀರನ್ನು ರಾತ್ರಿಯಿಂದ ಎತ್ತಿ ಹಾಕುತ್ತಲೇ ಇತ್ತು, ಆದರೂ ಕೆಳಗೆ ಮೊಣಕಾಲುದ್ದ ಕೆಸರು. ಅವನು ಕಂಪಾಸನ್ನು ಆ ಹಲಗೆಯ ಮೇಲೆ ಇಟ್ಟು, ಬೋರಿನ ಬಾಯಿಯ ದಿಕ್ಕು ಓದಿದ. ಆಮೇಲೆ ಕ್ಯಾಮೆರಾ ನೂಕುತ್ತಾ, ನಿಲ್ಲಿಸುತ್ತಾ, ಓದುತ್ತಾ ಹೋದ.

ಮೇಲೆ ಬಂದು ಲೆಕ್ಕ ಹಾಕಿ, "ಹೂಂ, ನೆಲದ ಮೇಲೆ ಎಳೆಯೋಣ," ಅಂದ. ಅವನು ಮುಂದಕ್ಕೆ ಇಷ್ಟು, ಪಕ್ಕಕ್ಕೆ ಇಷ್ಟು ಅಂತ ಓದುವುದು, ಮಿಷನ್ನಿನವನು ಟೇಪು ಹಿಡಿಯುವುದು, ನಾನು ಸುಣ್ಣ ಉದುರಿಸುವುದು. ತೋಟದಾಕೆ ಹಿಂದೆಯೇ ಬರುತ್ತಾ, "ಸೊಪ್ಪು ತುಳೀಬೇಡ್ರೋ, ಹುಳ ಉಪವಾಸ ಬಿದ್ದಾವು," ಅಂತ ಬೈಯುತ್ತಿದ್ದಳು. ಗೆರೆ ಬಾವಿಯಿಂದ ಹೊರಟಿತು. ಹೊರಟದ್ದೇ ಎಡಕ್ಕೆ ವಾಲಿತು. ಅರ್ಧ ದಾರಿಗೆ ಎಲ್ಲೆಯ ಬದು ಹತ್ತಿತು, ಇಳಿಯಿತು, ಬಾಳೆ ಗುಂಡಿಗಳ ನಡುವೆ ನುಗ್ಗಿತು. ಕೊನೆಯ ಗೂಟ ಹೊಡೆದ ಜಾಗದಿಂದ ಅವನ ಬೋರ್‌ವೆಲ್ಲಿನ ಪೈಪು ಕೈಚಾಚಿದರೆ ಸಿಗುವ ಹಾಗಿತ್ತು.

ಅವನು ಆ ಗೂಟದ ಹತ್ತಿರ ನಿಂತು ಮೀಸೆ ತೀಡಿಕೊಂಡ. "ಏನಜ್ಜಿ? ಇದೇನಾ ಹುಣಸೆ ಮರ? ಇದರಲ್ಲಿ ಬಾಳೆಗೊನೆ ಬುಟ್ಟೈತಲ್ಲ!"

ಯಜಮಾನರು ಪಂಚೆ ಕೊಡವಿಕೊಂಡು ಎದ್ದರು. "ಆಯ್ತಲ್ಲವ್ವ. ನೀನೇ ಅಳೆಸ್ದೆ, ನೀನೇ ಸುಣ್ಣ ಹಾಕ್ದೆ. ಇನ್ನು ಮುಚ್ಚು."

"ಮುಚ್ಚಲ್ಲ."

"ಏನಂದೆ?"

"ಮುಚ್ಚಲ್ಲ ಅಂದೆ. ಈ ಗೆರೆ ಸುಳ್ಳು."

ಮಿಷನ್ನಿನವನು ಕೂಡ ನನ್ನನ್ನು ಬೇಡ ಅನ್ನುವ ಹಾಗೆ ನೋಡಿದ. ಕ್ಯಾಮೆರಾದವನಿಗೆ ಮುಖ ಕೆಂಪಾಯಿತು. ಹಠಕ್ಕೆ ಬಿದ್ದ ಮುದುಕಿ ಅಂತ ಎಲ್ಲರೂ ಅಂದುಕೊಂಡರು. ಅರ್ಧ ನಿಜ. ನನಗೆ ಹಠ ಇತ್ತು, ಆದರೆ ಹಠದ ಕೆಳಗೆ ಒಂದು ಕಾರಣವೂ ಇತ್ತು.

"ಗೆರೆಯ ಕೊನೆ ಬುಡಿ, ಮೊದಲು ನೋಡಿ," ಅಂದೆ. "ರಾಡು ಬಂಡೆ ಒಳಗೆ ಓಗಿ ಬಾಗಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಬಾಯಲ್ಲೇ ಎಂಗೆ ಬಾಗ್ತದೆ? ಮಿಷನ್ನು ಯಾವ ಕಡೆ ಮುಖ ಮಾಡಿತ್ತೋ ಮೊದಲ್ನೇ ರಾಡು ಅತ್ಲಾಗೇ ಓಗ್ಬೇಕು. ನನ್ ದಾರ ಅಲ್ಲೈತೆ, ಹುಣಸೆ ಮರಕ್ಕೆ ನೆಟ್ಟಗೆ. ನಿಮ್ ಗೆರೆ ಮೊದಲ್ನೇ ಗೂಟದಿಂದ್ಲೇ ದಾರ ಬುಟ್ಟು ಬಾಳೆ ಕಡೆಗೆ ಓಗೈತೆ. ಎಂಗೆ ಓಯ್ತು, ಯಾರಾದ್ರೂ ಯೋಳಿ."

"ಗೂಟ ನೀನೇ ತಿರುಗ್ಸಿ ಹೊಡೆದಿರ್ತೀಯ," ಅಂದ ಎಡಗಡೆಯವನು.

"ಕೆಳಗೆ ಬಂಡೆಗೆ ಹೊಡೆದ ಬೋಲ್ಟಿನ ತೂತು ನಾಲ್ಕೈತೆ. ಅದನ್ನೂ ತಿರುಗ್ಸಿದ್ನಾ? ತೂಗುಗುಂಡು ಬುಟ್ಟು ನೋಡು, ಬಾ, ಇಳಿ. ಬಾವಿ ಕಂಡ್ರೆ ಹೆದರಿಕೆಯಾ?"

ಅವನು ಇಳಿಯಲಿಲ್ಲ. ಇಳಿದವನು ಕ್ಯಾಮೆರಾದವನು. ಸಿಟ್ಟಿನಲ್ಲೇ ಇಳಿದ, ಅದು ಒಳ್ಳೆಯದೇ ಆಯಿತು, ಸಿಟ್ಟಿನವರು ಸರಿಯಾಗಿ ನೋಡುತ್ತಾರೆ. ಮೇಲಿನ ದಾರದಿಂದ ಗುಂಡು ಬಿಟ್ಟೆವು. ಎರಡು ದಾರವೂ ಬೋಲ್ಟಿನ ತೂತುಗಳ ನಡುವೆ, ಬೋರಿನ ಬಾಯಿಯ ಮುಂದೆ ಒಂದೇ ಗೆರೆಯಾಗಿ ನಿಂತವು. ಅವನು ಎರಡು ದಾರವನ್ನೂ ಒಂದೇ ಕಣ್ಣಿನಲ್ಲಿ ನೋಡಿದ. ಆಮೇಲೆ ಕಂಪಾಸನ್ನು ಹಲಗೆಯ ಮೇಲೆ ಇಟ್ಟ. ತೆಗೆದು ಎದೆ ಎತ್ತರಕ್ಕೆ ಹಿಡಿದ. ಮತ್ತೆ ಇಟ್ಟ, ಮತ್ತೆ ಎತ್ತಿದ.

"ಅಜ್ಜೀ," ಅಂತ ಕೂಗಿದ. "ಈ ಹಲಗೆಯ ಒಳಗೆ ಏನಿಟ್ಟಿದ್ದೀರಿ?"

"ಹಲಗೆ ಒಳಗೆ ಏನಿರ್ತದೆ, ಮರ ಇರ್ತದೆ."

"ಎತ್ತಿದ್ರೆ ಮುಳ್ಳು ಒಂದು ಕಡೆ ತೋರಿಸುತ್ತೆ, ಇಟ್ರೆ ಇಪ್ಪತ್ತು ಡಿಗ್ರಿ ಬೇರೆ ಕಡೆ ತೋರಿಸುತ್ತೆ!"

ಆಗ ಮಿಷನ್ನಿನವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಅವ್ವ, ಲಾಳ."

ನಮ್ಮ ಕೆಲಸದವರಲ್ಲಿ ಒಂದು ಪದ್ಧತಿ ಇದೆ. ಹೊಸ ಹಲಗೆ ತಂದರೆ ದೃಷ್ಟಿ ತಾಕದಿರಲಿ ಅಂತ ಅದರ ಅಡಿಭಾಗಕ್ಕೆ ಒಂದು ಕುದುರೆ ಲಾಳ ಹೊಡೆಯುತ್ತೇವೆ, ಅರಿಸಿನ ಕುಂಕುಮ ಇಡುತ್ತೇವೆ. ಮೇಲೆ ಹೊಡೆದರೆ ಮಿಷನ್ನು ಕೂರುವುದಿಲ್ಲ, ಅದಕ್ಕೆ ಕೆಳಗೆ. ಆಮೇಲೆ ಅದು ಕೆಸರಿನಲ್ಲೇ ಇರುತ್ತದೆ, ಯಾರೂ ನೋಡುವುದಿಲ್ಲ. ನಮಗೆ ಅದು ದೇವರ ಲೆಕ್ಕ, ಕಬ್ಬಿಣದ ಲೆಕ್ಕ ಅಲ್ಲ. ರಾಡು, ಮಿಷನ್ನು, ಸ್ಪಾನರು ಎಲ್ಲಾ ಎತ್ತಿ ಎಂದಾಗ ಎಲ್ಲವನ್ನೂ ಎತ್ತಿದ್ದೆವು, ಲಾಳ ಯಾರ ತಲೆಗೂ ಬರಲಿಲ್ಲ. ಹಲಗೆ ಮಗುಚಿದಾಗ ಅದು ಕಂಪಾಸು ಇಟ್ಟಿದ್ದ ಜಾಗದ ನೇರ ಕೆಳಗಿತ್ತು.

"ಇದನ್ನ ಕಿತ್ತು ಹಾಕಿ," ಅಂದ ಕ್ಯಾಮೆರಾದವನು.

"ಅದು ಯಾಕೆ ಕೀಳ್ಬೇಕು? ಅದರ ಪಾಡಿಗೆ ಅದು ಐತೆ. ನಿನ್ ಕಂಪಾಸನ್ನ ನೀನು ಅತ್ಲಾಗೆ ಇಟ್ಕೊ. ದಿಕ್ಕನ್ನ ಮೇಲಿನ ದಾರದಿಂದ ತಗೊ."

ಅವನು ನಕ್ಕುಬಿಟ್ಟ. ಒಪ್ಪಿದ. ಈ ಸಲ ಬಯಲಿನಲ್ಲಿ, ಬರೀ ಮಣ್ಣಿನ ಮೇಲೆ ಕಂಪಾಸು ಇಟ್ಟು ದಾರದ ದಿಕ್ಕು ಓದಿದ. ಓದುವ ಮೊದಲು ಎಲ್ಲರ ಮೈ ಜಾಲಾಡಿದ. ಯಜಮಾನರ ಸೊಂಟದ ಬೀಗದ ಕೈ ಗೊಂಚಲು, ಎಡಗಡೆಯವನ ಕುಡುಗೋಲು, ಎಲ್ಲರ ಮೊಬೈಲು, ನನ್ನ ಎಲೆಯಡಿಕೆ ಚೀಲದ ಅಡಕತ್ತರಿ, ಎಲ್ಲವನ್ನೂ ದೂರದ ಬದುವಿನ ಮೇಲೆ ಇಡಿಸಿದ. "ಇನ್ನು ಪಂಚೆ ಒಂದು ಉಳ್ಕಂಡೈತೆ, ಅದೂ ಬೇಕೇನಪ್ಪಾ?" ಅಂದರು ಯಜಮಾನರು. ಎರಡು ಜಾಗದಲ್ಲಿ ಇಟ್ಟು ಓದಿದ, ಎರಡೂ ಒಂದೇ ಬಂತು. ಆಮೇಲೆ ಕ್ಯಾಮೆರಾ ಮತ್ತೆ ಒಳಗೆ ಬಿಟ್ಟು, ಮೊದಲ ಸಲದ ತಿರುವುಗಳೇ ಬರುತ್ತವಾ ಅಂತ ಮೊದಲಿನಿಂದ ಓದಿದ. ಅವೇ ಬಂದವು. ಅವನ ಡಬ್ಬಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ನಾವು ಕೊಟ್ಟ ಶುರು ಸುಳ್ಳಾಗಿತ್ತು, ಹಾಗಾಗಿ ಗೆರೆಗೆ ಗೆರೆಯೇ ಬಾಗಿಲಿನ ಹಾಗೆ ಎಡಕ್ಕೆ ತಿರುಗಿಕೊಂಡಿತ್ತು.

ಹಳೆಯ ಸುಣ್ಣ ಕಾಲಲ್ಲಿ ಅಳಿಸಿ ಹೊಸ ಗೆರೆ ಎಳೆದೆವು. ಈ ಸಲ ತೋಟದಾಕೆಯೂ ಸೊಪ್ಪಿನ ಚಿಂತೆ ಬಿಟ್ಟಳು. ಗೆರೆ ದಾರದ ಮೇಲೇ ಹೊರಟಿತು, ಹುಣಸೆ ಮರದ ಕಡೆಗೆ. ಎಡಗಡೆಯವನ ಎಲ್ಲೆ ದೂರ ಸರಿಯಿತು. ಅವನ ಮೀಸೆಯೂ ಇಳಿಯಿತು. ನನಗೆ ಒಳಗೊಳಗೇ ಹಿಗ್ಗು.

ಆದರೆ ಗೆರೆ ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ರಾಡು ಬಲಕ್ಕೆ ಸುತ್ತುತ್ತದೆ, ಗಟ್ಟಿ ಬಂಡೆ ಸಿಕ್ಕರೆ ಸುತ್ತುತ್ತಾ ಸುತ್ತುತ್ತಾ ಬಲಕ್ಕೇ ತೆವಳುತ್ತದೆ. ಅದು ಗೊತ್ತಿದ್ದದ್ದೇ, ಆದರೆ ಇಷ್ಟು ತೆವಳುತ್ತದೆ ಅಂತ ನಾನು ಎಣಿಸಿರಲಿಲ್ಲ. ಗೂಟಗಳು ಒಂದೊಂದೇ ದಾರ ಬಿಟ್ಟು ಬಲಕ್ಕೆ ಸರಿದವು. ಇಪ್ಪತ್ತನೇ ರಾಡಿನ ಗೂಟ ಬಲಗಡೆಯ ಬದುವಿನ ಬುಡದಲ್ಲಿ ನಿಂತಿತು. ಇಪ್ಪತ್ತೊಂದನೆಯದು ಬದುವಿನ ನೆತ್ತಿಯ ಮೇಲೆ. ಆಮೇಲಿನವು ಆಚೆ, ತೆಂಗಿನ ಮರಗಳ ನೆರಳಿನಲ್ಲಿ. ಯಜಮಾನರ ತೋಟದಲ್ಲಿ.

ಎಡಗಡೆಯವನೇ ಮೊದಲು ನಕ್ಕ. "ಸರಿ ಓಯ್ತು! ಈಗ ನ್ಯಾಯ ಯಾರು ಯೋಳಾದು?"

ಯಜಮಾನರು ಆ ಗೂಟಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ದೊಡ್ಡ ಮನಸ್ಸಿನಿಂದಲೇ ಅಂದರು, "ನನ್ ತೋಟ ತಾನೇ? ನಾಕು ಅಡಿ ಒಳಗೆ ಬಂದ್ರೆ ನನ್ ತೆಂಗೇನು ಸಾಯಲ್ಲ. ಬುಡವ್ವ, ಇರ್ಲಿ. ನಾನು ಒಪ್ಕಂಡಿದೀನಿ ಅಂದ್ಮೇಲೆ ಆಯ್ತು. ಏನೋ ಆ ಹೆಣ್ಮಗಳು ಬದುಕ್ಲಿ. ನಾಳೆ ನಮ್ಗೂ ಒಂದು ಕಷ್ಟ ಅಂದ್ರೆ ಅವಳು ಇಲ್ಲ ಅಂದಾಳಾ?"

ತೋಟದಾಕೆ ಅವರ ಕಾಲಿಗೆ ಬೀಳಲು ಹೋದಳು. ನಾನು ರಟ್ಟೆ ಹಿಡಿದು ನಿಲ್ಲಿಸಿದೆ.

"ಬೇಡ ಯಜಮಾನ್ರೇ. ಮುಚ್ತೀನಿ."

ಅಲ್ಲಿದ್ದವರೆಲ್ಲ ನನಗೆ ಹುಚ್ಚು ಹಿಡಿಯಿತು ಅಂದುಕೊಂಡರು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ತೋಟದಾಕೆ.

"ಅವರೇ ಇರ್ಲಿ ಅಂತವ್ರೆ, ನಿನಗೇನಜ್ಜಿ ಕೊಬ್ಬು? ನೀನು ನಾಳೆ ಮಿಷನ್ ಎತ್ಕಂಡು ಮಾಗಡಿಗೋ ಸೋಲೂರ್ಗೋ ಓಯ್ತೀಯ. ಇಲ್ಲಿರೋಳು ನಾನು!"

"ಇಲ್ಲಿರೋಳು ನೀನು ಅಂತ್ಲೇ ಯೋಳ್ತಿರೋದು. ಎಡಗಡೆಯೋನ ನೀರಿಗೆ ಗೊಬ್ಬರ ಹೊತ್ತೆ. ಬಲಗಡೆಯೋರ ನೀರಿಗೆ ಏನು ಹೊರ್ತೀಯ? ಇವತ್ತು ಅವರು ಒಳ್ಳೆಯೋರು. ನಾಳೆ ಅವರ ಮಗ, ನಾಡಿದ್ದು ಮೊಮ್ಮಗ, ‘ನಮ್ ನೆಲದ ನೀರು ಕುಡೀತಾವ್ಳೆ’ ಅಂತ ಬಂದು ನಿಂತ್ರೆ ಇವತ್ತಿನ ಮಾತು ಯಾರಿಗೆ ನೆನಪಿರ್ತದೆ? ಯಾರ್ನೂ ಕೇಳ್ದಂಗೆ ಆಗ್ಬೇಕು ಅಂದೋಳು ನೀನೇ."

"ನೀರೇ ಓದ್ರೆ ಏನು ಮಾಡ್ಲಿ?"

ನಾನು ಕ್ಯಾಮೆರಾದವನ ಕಡೆ ತಿರುಗಿ, ನೀರು ಬರುವ ಬಿರುಕು ಎಲ್ಲಿದೆ ತೋರಿಸು ಅಂದೆ. ಅವನು ಚಿತ್ರ ಹಿಂದಕ್ಕೆ ಓಡಿಸಿ ತೋರಿಸಿದ. ಎರಡು ಬಿರುಕು. ದೊಡ್ಡದು ಕೊನೆಯಲ್ಲಿ, ಇಪ್ಪತ್ನಾಲ್ಕನೇ ರಾಡಿನಲ್ಲಿ, ಯಜಮಾನರ ತೋಟದ ಅಡಿಗೆ. ಇನ್ನೊಂದು ಹತ್ತೊಂಬತ್ತನೆಯದರ ಅರ್ಧದಲ್ಲಿ, ಸೀಳಿದ ತುಟಿಯ ಹಾಗೆ, ಅದರಿಂದಲೂ ನೀರು ಜಿನುಗುತ್ತಿತ್ತು. ಕೊರೆಯುವಾಗ ಕೆಸರಿನಲ್ಲಿ ಅದು ನಮಗೆ ಗೊತ್ತೇ ಆಗಿರಲಿಲ್ಲ.

"ನಿನ್ ಲೆಕ್ಕ ಎಷ್ಟು ಸರಿ?" ಅಂದೆ.

"ತಪ್ಪಿದ್ರೆ ಒಂದೆರಡು ಅಡಿ ಆ ಕಡೆ ಈ ಕಡೆ, ಅಜ್ಜಿ. ಅದಕ್ಕಿಂತ ಹೆಚ್ಚಿಲ್ಲ."

ಎಲ್ಲೆ ದಾಟುವುದು ಇಪ್ಪತ್ತೊಂದರಲ್ಲಿ. ಅಲ್ಲಿಗೇ ಮುಚ್ಚಿದರೆ ಆ ಒಂದೆರಡು ಅಡಿಯ ಅನುಮಾನ ಉಳಿಯುತ್ತದೆ, ಅನುಮಾನ ಉಳಿದರೆ ಜಗಳ ಉಳಿಯುತ್ತದೆ. ಹತ್ತೊಂಬತ್ತರ ಬಿರುಕು ಮುಚ್ಚಿಹೋದರೆ ಬಾವಿ ಮತ್ತೆ ಬರೀ ಗುಂಡಿ. ಇಪ್ಪತ್ತನೆಯದರಲ್ಲಿ ಮುಚ್ಚುವುದು ಅಂತ ತೀರ್ಮಾನ ಮಾಡಿದೆ. ತೋಟದಾಕೆಯ ಮುಖ ನೋಡಿದೆ. ಅವಳು ಹೊಸ ಗೆರೆಯನ್ನೇ ದಿಟ್ಟಿಸಿ, "ಮಾಡು," ಅಂದಳು. ಅವಳ ಧ್ವನಿಯಲ್ಲಿ ಒಪ್ಪಿಗೆಗಿಂತ ಬೈಗುಳ ಹೆಚ್ಚಿತ್ತು. ಪರವಾಗಿಲ್ಲ.

ಯಜಮಾನರಿಗೆ ನೋವಾಯಿತು. "ನನ್ ಮಾತಿಗೆ ಬೆಲೆ ಇಲ್ವೇನವ್ವ?"

"ಬೆಲೆ ಐತೆ ಯಜಮಾನ್ರೇ. ಅದಕ್ಕೇ ಇಸ್ಕೊಳ್ಳೋಕೆ ಹೆದರಿಕೆ."

ಅವರು ಎದ್ದು ಹೋಗಲಿಲ್ಲ. ಅಲ್ಲೇ ಬದುವಿನ ಮೇಲೆ ಕೂತರು.

ಒಣಗಿದ ಜಾಲಿ ಮರದ ತುಂಡನ್ನು ಬಿರಡೆಯ ಹಾಗೆ ಒಂದು ಕಡೆ ಸಣ್ಣಗೆ ಕೆತ್ತಿಸಿದೆ. ಒಣ ಮರ ನೀರು ಕುಡಿದು ಉಬ್ಬುತ್ತದೆ, ಬಂಡೆಗೆ ಕಚ್ಚಿಕೊಳ್ಳುತ್ತದೆ. ಅದರ ಸುತ್ತ ಗೋಣಿ ಸುತ್ತಿ ಸಿಮೆಂಟು ಗಂಜಿಯಲ್ಲಿ ಅದ್ದಿ, ಕೊಟ್ಟ ಮಾತಿನ ಹಾಗೆ ನಾನೇ ಇಳಿದೆ. ಮಿಷನ್ನಿನವನು ಮೇಲೆ ನಿಲ್ಲಲು ಒಪ್ಪದೆ ನನ್ನ ಹಿಂದೆಯೇ ಇಳಿದ. ರಾಡಿನ ತುದಿಗೆ ಬಿರಡೆ ಸಿಕ್ಕಿಸಿ, ಒಂದೊಂದೇ ರಾಡು ಕೂಡಿಸುತ್ತಾ ಒಳಕ್ಕೆ ನೂಕಿದೆವು. ಎದುರು ನೀರು ಮುಖಕ್ಕೇ ಹೊಡೆಯುತ್ತಿತ್ತು. ಹತ್ತೊಂಬತ್ತು ದಾಟುವಾಗ ಗೋಣಿ ಬಿರುಕಿನ ತುಟಿಗೆ ಸಿಕ್ಕಿಕೊಂಡಿತು. ನೂಕಿದರೆ ಹೋಗಲಿಲ್ಲ, ಎಳೆದರೆ ಬರಲಿಲ್ಲ. ಅಲ್ಲೇ ಉಬ್ಬಿಕೊಂಡರೆ ಎಲ್ಲಾ ಮುಗಿಯಿತು.

"ಬಡಿಯೋಣ್ವಾ ಅವ್ವ?"

"ಬಡಿದ್ರೆ ಅಲ್ಲೇ ಕೂತ್ಕತದೆ. ಎಡಕ್ಕೆ ತಿರುಗ್ಸು. ರಾಡಿನ ತಿರುಪು ಬಿಚ್ಚಿಕೊಳ್ಳದಷ್ಟು, ಒಸಿ."

ಕೈಯಲ್ಲೇ ತಿರುಗಿಸಿದೆವು. ನನ್ನ ಅಂಗೈ ಸುಲಿಯಿತು. ಗೋಣಿ ಹರಿದ ಸದ್ದು ರಾಡಿನಲ್ಲೇ ಕೈಗೆ ಗೊತ್ತಾಯಿತು, ಬಿರಡೆ ಮುಂದಕ್ಕೆ ಜಾರಿತು. ಇಪ್ಪತ್ತನೇ ರಾಡಿನ ಗುರುತು ಬಾಯಿಗೆ ಬಂದಾಗ ಸುತ್ತಿಗೆಯಿಂದ ಬಡಿದು ಕೂರಿಸಿದೆವು. ಧುಮುಕುತ್ತಿದ್ದ ನೀರು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಮೇಲಿನಿಂದ ತೋಟದಾಕೆ ಇಣುಕುತ್ತಿದ್ದಳು, ನಾನು ತಲೆ ಎತ್ತಲಿಲ್ಲ. ಎರಡು ಬೆರಳು ಗಾತ್ರಕ್ಕೆ ಬಂದು ನಿಂತಿತು. ಕಾದೆವು. ಅದಕ್ಕಿಂತ ಕಡಿಮೆ ಆಗಲಿಲ್ಲ.

ಕ್ಯಾಮೆರಾದವನು ಕೊನೆಯ ಸಲ ಒಳಗೆ ನೋಡಿ, ಬಿರಡೆ ಇಪ್ಪತ್ತರಲ್ಲೇ ಇದೆ, ಬಿರುಕು ತೆರೆದಿದೆ ಅಂತ ಯಜಮಾನರಿಗೂ ಎಡಗಡೆಯವನಿಗೂ ತೋರಿಸಿದ. "ನಿಮ್ಮ ಬೋರಿಗೂ ಬಿಟ್ಟು ನೋಡೋಣ, ಕೆಂಪು ನೀರು ಎಲ್ಲಿಂದ ಅಂತ ಗೊತ್ತಾಗುತ್ತೆ," ಅಂತ ಕೇಳಿದ. "ನನ್ ಬೋರಿಗೆ ಯಾರೂ ಏನೂ ಬುಡಂಗಿಲ್ಲ," ಅಂದ ಅವನು. ಹಾಗಾಗಿ ಅದು ಯಾಕೆ ಕೆಟ್ಟಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದವನು ಅವನು.

ಮರುದಿನ ನಾವು ಸಾಮಾನು ಲಾರಿಗೆ ಏರಿಸುವ ಹೊತ್ತಿಗೆ ಬಾವಿಯಲ್ಲಿ ಎದೆಯುದ್ದ ನೀರು ನಿಂತಿತ್ತು. ತೋಳು ಗಾತ್ರದ ನೀರಾಗಿದ್ದರೆ ಅಷ್ಟು ಹೊತ್ತಿಗೆ ಆಳು ಮುಳುಗುವಷ್ಟಾಗುತ್ತಿತ್ತು. ತೋಟದ ಅರ್ಧಕ್ಕೆ ಇವತ್ತು, ಉಳಿದರ್ಧಕ್ಕೆ ನಾಳೆ ಬಿಡಬೇಕು, ಹುಳುವಿನ ಸಾಕಣೆ ಒಂದು ತಟ್ಟೆ ಕಡಿಮೆ ಮಾಡಬೇಕು. ತೋಟದಾಕೆ ಕಾಫಿ ಕೊಟ್ಟಳು, ಲೋಟ ಕುಕ್ಕಿ ಇಟ್ಟಳು. ಆಮೇಲೆ ಸೀದಾ ಹೋಗಿ ಮೋಟ್ರು ಹಾಕಿದಳು. ನೀರು ಕಾಲುವೆಗೆ ಬಿತ್ತು, ಹಿಪ್ಪುನೇರಳೆಯ ಮೊದಲ ಸಾಲಿಗೆ ಹರಿಯಿತು. ಅವಳು ಸಲಿಕೆ ಹಿಡಿದು ಅದರ ಹಿಂದೆ ನಡೆದಳು.

ಎಡಗಡೆಯವನು ಬೇಲಿಯ ಆಚೆ ನಿಂತು ನೋಡುತ್ತಿದ್ದ. ಅಭ್ಯಾಸ ಬಿಡಲಿಲ್ಲ, ಕೂಗಿ ಕೇಳಿದ. "ಏನಮ್ಮೀ, ಎಷ್ಟೊತ್ತು ಓಡಿಸ್ತೀಯ?"

ಅವಳು ಸಲಿಕೆ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ನನ್ ಇಷ್ಟ ಬಂದಷ್ಟೊತ್ತು," ಅಂದಳು.